ಅಚ್ಚು ಕೆತ್ತಿ ಬಾಳಿದ ಅಂಧೇರಿಯ ಚಿತ್ತಪ್ರಸಾದ್

ಅಂಧೇರಿ ಎಂದರೆ ಮುಂಬಯಿ ಕನ್ನಡಿಗರಿಗೆ ಹೊಸ ಜಾಗವಲ್ಲ. ಹೋಟೆಲು, ಕಾರ್ಖಾನೆ, ಬ್ಯಾಂಕು ಎಂದು ಉದರ ನಿಮಿತ್ತ ಊರು ಬಿಟ್ಟು ಬಂದ ನಮ್ಮವರಲ್ಲಿ ಅನೇಕರು ಇಲ್ಲಿಯೇ ಬಾಡಿಗೆ ಕೋಣೆ ಹಿಡಿದು ಸಂಸಾರ ಕಟ್ಟಿದವರು. ಅದೇ ಅಂಧೇರಿಯ ಒಂದು ಚಿಕ್ಕ ಕೋಣೆಯಲ್ಲಿ ಬಂಗಾಳದಿಂದ ಬಂದ ಕಲಾವಿದರೊಬ್ಬರು ಬಹುಕಾಲ ಮರದ ಹಲಗೆ ಮತ್ತು ಲಿನೋಲಿಯಂ ತುಂಡುಗಳ ಮೇಲೆ ಚಿತ್ರ ಕೆತ್ತುತ್ತಾ, ಅಚ್ಚು ತೆಗೆಯುತ್ತಾ ಬಾಳಿದರು. ಅವರ ಹೆಸರು ಚಿತ್ತಪ್ರಸಾದ್. ಮುಂಬಯಿಯ ಕಲಾವಿದ ಎಂದೊಡನೆ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರನ್ನು ಅಭಿಮಾನದಿಂದ ನೆನೆಯುವ ನಮಗೆ, ಅವರ ಸಮಕಾಲೀನರಾಗಿದ್ದ ಈ ಅಚ್ಚುಗಾರರ ಪರಿಚಯ ಕಡಿಮೆ.

ಚಿತ್ತಪ್ರಸಾದ್ ಹುಟ್ಟಿದ್ದು 1915ರಲ್ಲಿ, ಬಂಗಾಳದ ನೈಹಾಟಿಯಲ್ಲಿ. ವಿದ್ಯಾಭ್ಯಾಸ ಚಿತ್ತಗಾಂಗ್‌ನಲ್ಲಿ. ಚಿತ್ರಕಲೆಯನ್ನು ಯಾವುದೇ ಕಲಾಶಾಲೆಯಲ್ಲಿ ಕಲಿಯದೆ ಸ್ವಂತ ಪರಿಶ್ರಮದಿಂದಲೇ ಕಲಿತವರು. ಮನೆತನದ ಹೆಸರು ಭಟ್ಟಾಚಾರ್ಯ. ಆದರೆ ಜಾತಿ ಸೂಚಿಸುವ ಹೆಸರು ಬೇಡವೆಂದು ಅದನ್ನು ಕೈಬಿಟ್ಟು ಚಿತ್ತಪ್ರಸಾದ್ ಎಂದಷ್ಟೇ ಉಳಿಸಿಕೊಂಡರು. ಮೂವತ್ತರ ದಶಕದ ಕೊನೆಯಲ್ಲಿ ಅವರು ಕಮ್ಯುನಿಸ್ಟ್ ಚಳವಳಿಗೆ ಸೇರಿ ಅದರ ಪತ್ರಿಕೆಗಳಿಗೆ, ಭಿತ್ತಿಪತ್ರಗಳಿಗೆ ಚಿತ್ರ ಬರೆಯತೊಡಗಿದರು.

ಸುಟ್ಟುಹೋದ ಪುಸ್ತಕ

1943ರಲ್ಲಿ ಬಂಗಾಳದ ಮಹಾಕ್ಷಾಮದಲ್ಲಿ ಲಕ್ಷಾಂತರ ಜನ ಪ್ರಾಣ ಕಳೆದುಕೊಂಡರು. ಆ ವರ್ಷದ ನವೆಂಬರ್ ತಿಂಗಳಲ್ಲಿ ಚಿತ್ತಪ್ರಸಾದ್ ಮಿಡ್ನಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಸಂಚರಿಸಿ, ಕಂಡದ್ದನ್ನು ಬರೆದು, ಹಸಿದ ಜನರ ರೇಖಾಚಿತ್ರಗಳನ್ನು ಮಾಡಿದರು. ಅವೆಲ್ಲ ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಕವಾಗಿ ಮುಂಬಯಿಯಿಂದ ಪ್ರಕಟವಾದವು. ಬ್ರಿಟಿಷ್ ಸರಕಾರ ಅದರ ಸುಮಾರು 5,000 ಪ್ರತಿಗಳನ್ನು ವಶಪಡಿಸಿಕೊಂಡು ನಾಶ ಮಾಡಿತು.

1946ರಲ್ಲಿ ಅವರು ಮುಂಬಯಿಯಲ್ಲೇ ನೆಲೆಸಿದರು. ಎರಡು ಮೂರು ವರ್ಷಗಳಲ್ಲಿ ಪಕ್ಷದಿಂದಲೂ ದೂರವಾದರು. ಅಲ್ಲಿಂದ ಮುಂದೆ ಅವರದು ತಿಂಗಳ ಸಂಬಳವಿಲ್ಲದ, ಹಿಂದೆ ಸಂಸ್ಥೆಯ ಬಲವಿಲ್ಲದ ಸ್ವತಂತ್ರ ಕಲಾವಿದನ ಬದುಕು.

ಉಳಿ, ಶಾಯಿ, ಕಾಗದ

ಅಚ್ಚಿನ ಚಿತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ತಿಳಿದರೆ ಆ ಬದುಕಿನ ದುಡಿಮೆ ಅರ್ಥವಾಗುತ್ತದೆ. ಮೊದಲು ಚಿತ್ರವನ್ನು ಹಲಗೆಯ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆದುಕೊಳ್ಳಬೇಕು. ಬಿಳಿಯಾಗಿ ಕಾಣಬೇಕಾದ ಭಾಗವನ್ನೆಲ್ಲ ಸಣ್ಣ ಉಳಿಗಳಿಂದ ಕೆತ್ತಿ ತೆಗೆಯಬೇಕು. ಉಬ್ಬಿ ಉಳಿದ ಭಾಗಕ್ಕೆ ರೋಲರ್‌ನಿಂದ ಶಾಯಿ ಸವರಿ, ಮೇಲೆ ಕಾಗದ ಹಾಸಿ ಒತ್ತಿದರೆ ಚಿತ್ರ ಮೂಡುತ್ತದೆ. ಯಂತ್ರವಿಲ್ಲದಿದ್ದರೆ ಚಮಚದ ಬೆನ್ನಿನಿಂದ ಉಜ್ಜಿಯೂ ಅಚ್ಚು ತೆಗೆಯಬಹುದು.

ಕೇಳಲು ಸುಲಭ. ಆದರೆ ಉಳಿ ಒಮ್ಮೆ ಜಾರಿ ಗೆರೆ ಕಡಿದುಹೋದರೆ ಅದನ್ನು ಮರಳಿ ಅಂಟಿಸಲಾಗದು. ಶಾಯಿ ಹೆಚ್ಚಾದರೆ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ, ಕಡಿಮೆಯಾದರೆ ಕಪ್ಪು ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ಎರಡು ಮೂರು ಬಣ್ಣ ಬೇಕೆಂದರೆ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಬೇರೆ ಹಲಗೆ ಕೆತ್ತಬೇಕು, ಒಂದು ಒಣಗುವ ತನಕ ಇನ್ನೊಂದಕ್ಕೆ ಕಾಯಬೇಕು.

ಚಿತ್ತಪ್ರಸಾದ್ ಮರದ ಜೊತೆಗೆ ಲಿನೋಲಿಯಂ ಅನ್ನೂ ಹೆಚ್ಚಾಗಿ ಬಳಸಿದರು. ಅಗಸೆ ಎಣ್ಣೆ, ಬಿರಡೆ ಮರದ ಪುಡಿ ಮೊದಲಾದವನ್ನು ಸೆಣಬಿನ ಬಟ್ಟೆಯ ಮೇಲೆ ಹಾಕಿ ಮಾಡುವ ಇದು ಮೂಲತಃ ನೆಲಕ್ಕೆ ಹಾಸುವ ಹಾಳೆ. ಮರದಂತೆ ಎಳೆಗಳಿಲ್ಲದ ಕಾರಣ ಯಾವ ದಿಕ್ಕಿಗೆ ಬೇಕಾದರೂ ಕೆತ್ತಬಹುದು. ಬೆಲೆಯೂ ಕಡಿಮೆ.

ಜಪಾನಿನ ಹಳೆಯ ಪದ್ಧತಿಯಲ್ಲಿ ಚಿತ್ರ ಬರೆಯುವವನು, ಕೆತ್ತುವವನು, ಅಚ್ಚು ತೆಗೆಯುವವನು, ಮಾರಾಟ ಮಾಡುವ ಪ್ರಕಾಶಕ ಎಂದು ನಾಲ್ಕು ಕೆಲಸಕ್ಕೆ ನಾಲ್ಕು ಜನ. ಹೊಕುಸಾಯಿಯಂತಹ ಪ್ರಸಿದ್ಧರ ಚಿತ್ರಗಳೂ ಹೀಗೆ ಹಲವರ ಕೈಯಲ್ಲಿ ಸಿದ್ಧವಾದವು. ಸ್ವತಂತ್ರ ಅಚ್ಚುಗಾರನಿಗೆ ಈ ನಾಲ್ಕೂ ಕೆಲಸ ತನ್ನದೇ. ಮನೆಯ ಲೆಕ್ಕ ಇಡುವ ಕೆಲಸ ಐದನೆಯದು.

ಲಾಭದ ಲೆಕ್ಕ

ಅಚ್ಚಿನ ಚಿತ್ರಕ್ಕೆ ತನ್ನದೇ ಆದ ಒಂದು ಅರ್ಥಶಾಸ್ತ್ರವಿದೆ. ತೈಲಚಿತ್ರ ಒಂದೇ, ಅದು ಕೊಂಡವರ ಗೋಡೆಗೆ ಮಾತ್ರ. ಅಚ್ಚು ಹಲವು ಮನೆಗಳಿಗೆ ಹೋಗಬಹುದು. ಅದರ ಬೆಲೆ ಇಳಿಯಬಾರದೆಂದು ಕಲಾ ಮಾರುಕಟ್ಟೆಯಲ್ಲಿ ಒಂದು ಕ್ರಮವಿದೆ. 25 ಪ್ರತಿ ಎಂದು ನಿಶ್ಚಯಿಸಿದರೆ ಪ್ರತಿಯೊಂದರ ಕೆಳಗೆ 1/25, 2/25 ಎಂದು ಪೆನ್ಸಿಲಿನಲ್ಲಿ ಬರೆದು ಕಲಾವಿದ ಸಹಿ ಹಾಕುತ್ತಾನೆ. 25 ಮುಗಿದ ಮೇಲೆ ಮತ್ತೆ ಅಚ್ಚು ತೆಗೆಯುವಂತಿಲ್ಲ. ಪ್ರತಿಗಳು ಕಡಿಮೆಯಾದಷ್ಟೂ ಬೆಲೆ ಹೆಚ್ಚು.

ಚಿತ್ತಪ್ರಸಾದ್ ಈ ದಾರಿ ಹಿಡಿಯಲಿಲ್ಲ. ಚಿತ್ರ ಸಾಮಾನ್ಯ ಜನರ ಕೈಗೆಟುಕಬೇಕು ಎಂಬುದೇ ಅವರು ಅಚ್ಚನ್ನು ಆರಿಸಿಕೊಂಡ ಉದ್ದೇಶವಾಗಿತ್ತು. ಅಚ್ಚು ಅಪರೂಪದ ವಸ್ತುವಾಗಬೇಕೆಂಬ ಆಸೆ ಅವರಿಗಿರಲಿಲ್ಲ. ತತ್ವ ದೊಡ್ಡದು, ಆದರೆ ಅದರಿಂದ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವಂತಹ ಕೆಲಸಗಳನ್ನು ಮಾಡುತ್ತಾ ಅವರು ಕೊನೆಯವರೆಗೂ ಬಡತನದಲ್ಲೇ ದಿನ ದೂಡಿದರು. ಆದರೂ ‘ಖೇಲಾಘರ್’ ಎಂಬ ಗೊಂಬೆಯಾಟದ ತಂಡ ಕಟ್ಟಿ, ತಾವೇ ಗೊಂಬೆ ಮಾಡಿ, ಬಡ ಮಕ್ಕಳಿಗೆ ಆಟ ತೋರಿಸಿದರು.

ಐವತ್ತರ ದಶಕದ ಆರಂಭದಲ್ಲಿ ಅವರು ಕೆತ್ತಿದ ಒಂದು ಚಿತ್ರಮಾಲೆ, ಆಡುವ ವಯಸ್ಸಿನಲ್ಲೇ ದುಡಿಮೆಗೆ ಬಿದ್ದ ಮಕ್ಕಳನ್ನು ಕುರಿತದ್ದು. ಚಿಕ್ಕಂದಿನಲ್ಲೇ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರಿಗೆ ಈ ಚಿತ್ರಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯುನಿಸೆಫ್‌ನ ಡೆನ್ಮಾರ್ಕ್ ಸಮಿತಿ 1969ರಲ್ಲಿ ಇದನ್ನು ‘ಏಂಜಲ್ಸ್ ವಿದೌಟ್ ಫೇರಿ ಟೇಲ್ಸ್’ ಎಂಬ ಪುಸ್ತಕವಾಗಿ ಹೊರತಂದಿತು. ಜೆಕ್ ನಿರ್ದೇಶಕ ಪಾವೆಲ್ ಹೋಬ್ಲ್ 1972ರಲ್ಲಿ ‘ಕನ್ಫೆಶನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರ ಬದುಕನ್ನು ದಾಖಲಿಸಿದರು. ಹೊರದೇಶದವರು ಹುಡುಕಿಕೊಂಡು ಬಂದ ಈ ಕಲಾವಿದ ತಾನಿದ್ದ ನಗರದಲ್ಲಿ ಮಾತ್ರ ಹೆಚ್ಚುಕಡಿಮೆ ಅಜ್ಞಾತವಾಗಿಯೇ ಉಳಿದರು. 1978ರಲ್ಲಿ ಕೊಲ್ಕತ್ತಾದಲ್ಲಿ ನಿಧನರಾದರು.

ಲಾಕರಿನಲ್ಲಿ ಉಳಿದ ಪ್ರತಿ

2011ರಲ್ಲಿ ದೆಹಲಿ ಆರ್ಟ್ ಗ್ಯಾಲರಿ ಅವರ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಆಗ ‘ಹಂಗ್ರಿ ಬೆಂಗಾಲ್’ ಪುಸ್ತಕವೂ ಯಥಾಪ್ರತಿಯಾಗಿ ಮತ್ತೆ ಅಚ್ಚಾಯಿತು. ಸರಕಾರ ನಾಶ ಮಾಡಿದ ಪುಸ್ತಕ ಎಲ್ಲಿಂದ ಬಂತು? ಕಲಾವಿದರ ಕುಟುಂಬದವರು ಒಂದು ಪ್ರತಿಯನ್ನು ಕೊಲ್ಕತ್ತಾದ ಬ್ಯಾಂಕೊಂದರ ಲಾಕರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಜನ ಚಿನ್ನ, ಮನೆಯ ಪತ್ರ ಇಡುವ ಜಾಗದಲ್ಲಿ ಆ ಮನೆಯವರು ಒಂದು ತೆಳು ಪುಸ್ತಕ ಇಟ್ಟರು. ಅದರಿಂದಲೇ ಅದು ಮುಂದಿನ ತಲೆಮಾರಿಗೆ ಸಿಕ್ಕಿತು. ಅಗ್ಗವಾಗಿ ಎಲ್ಲರಿಗೂ ಸಿಗಲೆಂದು ಅವರು ತೆಗೆದ ಅಚ್ಚುಗಳು ಇಂದು ಸಂಗ್ರಾಹಕರು ಕೊಳ್ಳುವ ಬೆಲೆಬಾಳುವ ವಸ್ತುಗಳಾಗಿವೆ. ಆ ಬೆಲೆಯಲ್ಲಿ ಒಂದು ಪಾಲು ಅವರ ಜೀವಿತ ಕಾಲದಲ್ಲಿ ಬಂದಿದ್ದರೆ ಎಂದು ಯಾರಿಗಾದರೂ ಅನಿಸದಿರದು.

ಇದರಲ್ಲಿ ನಮ್ಮ ಸಂಘ-ಸಂಸ್ಥೆಗಳಿಗೂ ಒಂದು ಪಾಠವಿದೆ. ಹಳೆಯ ಯಕ್ಷಗಾನದ ಕರಪತ್ರ, ನಾಟಕದ ಆಮಂತ್ರಣ, ಮೊಳೆ ಅಚ್ಚಿನ ಕಾಲದ ಸ್ಮರಣ ಸಂಚಿಕೆ, ಮುಖಪುಟಕ್ಕೆಂದು ಮಾಡಿಸಿದ ಬ್ಲಾಕು ಇವೆಲ್ಲ ಕಚೇರಿಯ ಕಪಾಟಿನ ಮೂಲೆಯಲ್ಲಿ ಇರಬಹುದು. ಕಚೇರಿಗೆ ಸುಣ್ಣಬಣ್ಣ ಬಳಿಸುವಾಗ ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಬೇಕು. ಎಲ್ಲಕ್ಕೂ ಬ್ಯಾಂಕ್ ಲಾಕರ್ ಬೇಕಿಲ್ಲ. ಒಣಗಿದ ಒಂದು ಪೆಟ್ಟಿಗೆ, ಮೇಲೆ ಇಸವಿ ಬರೆದ ಒಂದು ಚೀಟಿ, ಜವಾಬ್ದಾರಿ ಹೊರುವ ಒಬ್ಬ ಸದಸ್ಯ ಇದ್ದರೆ ಸಾಕು.