ಕೈಯಲ್ಲಿ ಜೋಡಿ ಎಕ್ಕ ಉಂಟು, ಆದರೂ ಎಲೆ ಬಿಸಾಡಬೇಕು: ಯಾಕೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಪೊಲೀಸ್ ಸುದ್ದಿ ಓದುವವರಿಗೆ ಒಂದು ಸಾಲು ಬಾಯಿಪಾಠ: ಗುಡ್ಡದ ಬದಿಯಲ್ಲಿ ‘ಉಲಾಯಿ-ಪಿದಾಯಿ’ ಆಡುತ್ತಿದ್ದವರ ಮೇಲೆ ದಾಳಿ, ಇಷ್ಟು ನಗದು ಮತ್ತು ಇಸ್ಪೀಟ್ ಎಲೆ ವಶ. ತುಳುವಿನ ಈ ಒಳಗೆ-ಹೊರಗೆ ಆಟ ಅಂದರೆ ಬೇರೆ ಕಡೆಯವರ ಅಂದರ್-ಬಾಹರ್. ಅದೇ ಊರಿನ ಹುಡುಗ ಅದೇ ರಾತ್ರಿ ರೂಮಿನಲ್ಲಿ ಕೂತು ಮೊಬೈಲ್‌ನಲ್ಲಿ ದುಡ್ಡಿಟ್ಟು ಪೋಕರ್ ಆಡಿದರೆ, ತುಂಬಾ ವರ್ಷ ಅದು ಸುದ್ದಿಯೂ ಆಗಲಿಲ್ಲ, ಕೇಸೂ ಆಗಲಿಲ್ಲ. ಒಂದು ಅದೃಷ್ಟದ ಆಟ, ಇನ್ನೊಂದು ಜಾಣ್ಮೆಯ ಆಟ ಎಂಬುದೇ ಕಾರಣ.

ಈ ಗೆರೆ ನಿಜವಾ? ಉಲಾಯಿ-ಪಿದಾಯಿ ಮಟ್ಟಿಗೆ ನಿಜ. ಒಂದು ಎಲೆ ತೆರೆದಿಟ್ಟು, ಅದರ ಜೊತೆಗಾರ ಒಳಗೆ ಬೀಳುತ್ತಾ ಹೊರಗೆ ಬೀಳುತ್ತಾ ಅಂತ ದುಡ್ಡು ಕಟ್ಟುವುದು. ಮೊದಲು ಎಲೆ ಬೀಳುವ ಬದಿಗೆ ಶೇ 51.5ರಷ್ಟು ಅವಕಾಶ, ಅಷ್ಟೇ. ನೀವು ಐಐಟಿಯಲ್ಲಿ ಓದಿದ್ದರೂ ಅದು ಬದಲಾಗುವುದಿಲ್ಲ. ಪೋಕರ್ ಹಾಗಲ್ಲ. ಅದರಲ್ಲಿ ಜಾಣ್ಮೆ ಎಲ್ಲಿ ಕೂತಿದೆ ಅಂತ ತಿಳಿಯಲು ಒಂದೇ ಸನ್ನಿವೇಶ ಸಾಕು: ಕೈಯಲ್ಲಿ ಎರಡು ಎಕ್ಕ.

ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರ್‌ನಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದು ಯಾರದ್ದೋ ಅವರು ಗೆದ್ದರು. ಕೈಗೆ ಜೋಡಿ ಎಕ್ಕ ಬರುವುದು 221 ಆಟಕ್ಕೆ ಒಂದು ಸಲ. ಅದಕ್ಕೇ ಬಂದ ಕೂಡಲೇ ತಲೆ ತಿರುಗುತ್ತದೆ, ಇನ್ನು ಸೋಲುವ ಮಾತೇ ಇಲ್ಲ ಅನಿಸುತ್ತದೆ.

ಲೆಕ್ಕ ಬೇರೆ ಹೇಳುತ್ತದೆ. ಎದುರಿಗೆ ಯಾವುದೋ ಎಲೆ ಹಿಡಿದ ಒಬ್ಬನೇ ಇದ್ದು ಕೊನೆಯವರೆಗೆ ಆಡಿದರೆ ಜೋಡಿ ಎಕ್ಕ ಗೆಲ್ಲುವುದು ನೂರಕ್ಕೆ ಸುಮಾರು 85 ಸಲ. ಮೂವರಿದ್ದರೆ 64ರ ಹತ್ತಿರ. ಐವರಿದ್ದರೆ ಸುಮಾರು 49. ಅಂದರೆ ಆಟದ ಅತಿ ದೊಡ್ಡ ಕೈ ಕೂಡ ಐವರ ಎದುರು ಅರ್ಧಕ್ಕಿಂತ ಹೆಚ್ಚು ಸಲ ಸೋಲುತ್ತದೆ. ಎಲೆ ತೆರೆಯುವ ಮೊದಲೇ ಏರಿಸಿ ಆಡಿ ಎದುರಾಳಿಗಳನ್ನು ಕಡಿಮೆ ಮಾಡಿ ಅಂತ ಅನುಭವಿಗಳು ಹೇಳುವುದು ಇದಕ್ಕೇ.

ಈಗ ಮೇಜಿನ ಮೇಲೆ ಮೂರು ಎಲೆ ಬಿತ್ತು. ಡೈಮನ್ ರಾಜ, ಕಲಾವರ್ 7, ಆಟಿನ್ 2 ಬಿದ್ದರೆ ನಿಶ್ಚಿಂತೆ. ಬಣ್ಣ ಸೇರುವುದಿಲ್ಲ, ಸರಣಿ ಸೇರುವುದಿಲ್ಲ, ಜೋಡಿ ರಾಜ ಆದವನು ನಿಮಗೆ ಖುಷಿಯಿಂದ ದುಡ್ಡು ಕೊಡುತ್ತಾನೆ. ಅದೇ ಆಟಿನ್ 9, ಆಟಿನ್ 8, ಕಲಾವರ್ 7 ಬಿತ್ತು ಅನ್ನಿ. ಗುಲಾಮ-10 ಇದ್ದವನ ಸರಣಿ ಆಗಲೇ ಮುಗಿದಿದೆ. 10-6, 6-5 ಇದ್ದವರದ್ದೂ ಮುಗಿದಿದೆ. ಜೋಡಿ 9, 8 ಅಥವಾ 7 ಇಟ್ಟುಕೊಂಡವನ ಕೈಯಲ್ಲಿ ಮೂರು ಒಂದೇ ಎಲೆ. ಎರಡು ಆಟಿನ್ ಹಿಡಿದವನಿಗೆ ಇನ್ನೆರಡು ಎಲೆಯಲ್ಲಿ ಬಣ್ಣ ಪೂರ್ತಿಯಾಗುವ ಸಾಧ್ಯತೆ ಶೇ 35. ನಿಮ್ಮ ಕೈಯಲ್ಲಿ ಇರುವುದು ಮೊದಲಿನ ಅದೇ ಒಂದು ಜೋಡಿ. ಮೂರನೇ ಎಕ್ಕ ಬರುವ ಸಾಧ್ಯತೆ ಶೇ 8.4. ಬಂದರೂ, ಸರಣಿ ಆದವನ ಎದುರು ಅದೊಂದೇ ಸಾಲದು.

ಹಾಗಂತ ಹೆದರಿ ಸುಮ್ಮನೆ ಕೂರುವುದು ಎಚ್ಚರಿಕೆಯಲ್ಲ. ಮಧ್ಯದಲ್ಲಿ ₹1000 ಇದ್ದಾಗ ನೀವು 500 ಕಟ್ಟಿದರೆ, ಎದುರಿನವನು 500 ಹಾಕಿ 2000 ನೋಡುತ್ತಾನೆ. ಅವನಿಗೆ ಶೇ 25 ಅವಕಾಶ ಬೇಕು. ಬಣ್ಣಕ್ಕೆ ಕಾಯುವವನಿಗೆ ಮುಂದಿನ ಒಂದು ಎಲೆಯಲ್ಲಿ ಅದು ಸಿಗುವುದು ಶೇ 19ರಷ್ಟು ಮಾತ್ರ. ಅಂದರೆ ಕಾಯುವುದಕ್ಕೆ ಅವನಿಂದ ದುಬಾರಿ ಟಿಕೆಟ್ ವಸೂಲಿ ಮಾಡಿದಿರಿ. ನೀವು ಏನೂ ಕಟ್ಟದೆ ಬಿಟ್ಟರೆ ಅವನಿಗೆ ಪುಕ್ಕಟೆ ಎಲೆ.

ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಇಷ್ಟು ಹೊತ್ತು ಸುಮ್ಮನಿದ್ದು, ಅಪರೂಪಕ್ಕೆ ಆಡುವ ಮನುಷ್ಯ ನಿಮ್ಮ 500ರ ಮೇಲೆ 2000 ಏರಿಸಿದ. ಆಗ ಕೇಳಿಕೊಳ್ಳಬೇಕಾದ್ದು ‘ನನ್ನ ಕೈ ಎಷ್ಟು ಚೆಂದ’ ಅಂತಲ್ಲ, ‘ಯಾವ ಸಣ್ಣ ಕೈ ಹಿಡಿದು ಇವನು ಹೀಗೆ ಮಾಡಿಯಾನು’ ಅಂತ. ಉತ್ತರ ಸಿಗದಿದ್ದರೆ ಎಕ್ಕ ಎರಡನ್ನೂ ಬಿಸಾಡಬೇಕು. ಆಗಲೇ ಹಾಕಿದ 500 ನಿಮ್ಮದಲ್ಲ, ಅದನ್ನು ಉಳಿಸಲು ಇನ್ನಷ್ಟು ಹಾಕುವುದು ಕೊಟ್ಟ ಸಾಲ ವಸೂಲಿಗೆ ಮತ್ತೆ ಸಾಲ ಕೊಟ್ಟ ಹಾಗೆ. ಎದುರಿನವನು ಸಿಕ್ಕಿದ್ದಕ್ಕೆಲ್ಲ ಏರಿಸುವ ಜಾತಿಯಾದರೆ ಉತ್ತರ ಬೇರೆ. ಎಲೆ ಜೊತೆ ಆಳನ್ನೂ ಓದಬೇಕು.

ಪೋಕರ್‌ನ ಜಾಣ್ಮೆ ಅಂದರೆ ಇದೇ: ಒಳ್ಳೆಯ ಕೈಯನ್ನು ಸರಿಯಾದ ಹೊತ್ತಿಗೆ ಬಿಡುವುದು. ನ್ಯಾಯಾಲಯಗಳು ತಲೆಕೆಡಿಸಿಕೊಂಡದ್ದೂ ಇಲ್ಲೇ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 79 ಮತ್ತು 80ನೇ ಸೆಕ್ಷನ್‌ಗಳು ಜೂಜಿನ ಅಡ್ಡೆಗೆ ಶಿಕ್ಷೆ ಹೇಳುತ್ತವೆ. 176ನೇ ಸೆಕ್ಷನ್ ಜಾಣ್ಮೆಯ ಆಟಕ್ಕೆ ವಿನಾಯಿತಿ ಕೊಡುತ್ತದೆ. 2013ರಲ್ಲಿ ನಮ್ಮ ಹೈಕೋರ್ಟ್ ಪೋಕರ್ ಅನ್ನು ಜಾಣ್ಮೆಯ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಆಟವನ್ನು ಜೂಜು ಎಂದಿತು. 2021ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಗೆರೆಯನ್ನೇ ಅಳಿಸಿತು: ಜಾಣ್ಮೆಯೋ ಅದೃಷ್ಟವೋ, ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ನಡೆಸುವಂತಿಲ್ಲ. ನಡೆಸುವವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ನನ್ನ ಅಭಿಪ್ರಾಯ ಹೇಳುತ್ತೇನೆ. ಪೋಕರ್‌ನಲ್ಲಿ ಜಾಣ್ಮೆ ಇದೆ ಎನ್ನುವುದು ಸುಳ್ಳಲ್ಲ. ಆದರೆ ಆ ಮಾತನ್ನು ಮಾರಾಟ ಮಾಡಿದ ಕಂಪನಿಗಳು ಹುಡುಗರಿಗೆ ಅದರ ಅರ್ಧವನ್ನಷ್ಟೇ ಹೇಳಿದವು. ಜಾಹೀರಾತಿನಲ್ಲಿ ಯಾರೂ ಎಕ್ಕ ಬಿಸಾಡುವುದಿಲ್ಲ. ಬಿಸಾಡಿದರೆ ಮಧ್ಯದ ದುಡ್ಡು ಬೆಳೆಯುವುದಿಲ್ಲ, ಅದರಲ್ಲಿ ಕಂಪನಿ ಮುರಿದುಕೊಳ್ಳುವ ಪಾಲೂ ಬೆಳೆಯುವುದಿಲ್ಲ. ಜಾಣ್ಮೆ ಇದೆ ಅಂದರೆ ಜಾಣರು ಗೆಲ್ಲುತ್ತಾರೆ. ಆ ದುಡ್ಡು ಬರುವುದು ಕಲಿಯದವರ ಜೇಬಿನಿಂದ. ಉಲಾಯಿ-ಪಿದಾಯಿಯಲ್ಲಿ ಎಲ್ಲರೂ ಒಂದೇ ರೀತಿ ಕುರುಡರು. ಇಲ್ಲಿ ಒಬ್ಬನಿಗೆ ಕಣ್ಣುಂಟು, ಇನ್ನೊಬ್ಬನಿಗೆ ಕಣ್ಣುಂಟು ಅಂತ ಹೇಳಿ ಕೂರಿಸಿದ್ದು.

ಆದ್ದರಿಂದ ‘ಜಾಣ್ಮೆಯಾ ಅದೃಷ್ಟವಾ’ ಎಂಬ ಒಂದೇ ಪ್ರಶ್ನೆಯಿಂದ ಯಾರನ್ನೂ ಕಾಪಾಡಲು ಆಗುವುದಿಲ್ಲ. ಒಬ್ಬ ಎಷ್ಟು ಕಳೆದುಕೊಳ್ಳಬಹುದು, ಆ ದುಡ್ಡು ಸಾಲದ್ದಾ, ಆಟ ನಡೆಸುವವನಿಗೆ ಲಾಭ ಹೇಗೆ ಬರುತ್ತದೆ: ಕಾನೂನು ಕೇಳಬೇಕಾದ್ದು ಇವನ್ನು. ಪೂರ್ತಿ ನಿಷೇಧ ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಕಷ್ಟವನ್ನೇ ತಪ್ಪಿಸಿಕೊಂಡಿದೆ. ಆಟ ನಿಲ್ಲದೆ ಕಣ್ಣಿಗೆ ಕಾಣದ ಜಾಗಕ್ಕೆ ಹೋಗುವ ಭಯ ಉಂಟು. ಗುಡ್ಡಕ್ಕೆ ದಾಳಿ ಮಾಡಿದ ಹಾಗೆ ವಿದೇಶದ ಸರ್ವರ್‌ಗೆ ಜೀಪು ಹೋಗುವುದಿಲ್ಲ ಮಾರ್ರೆ.

ದುಡ್ಡಿಲ್ಲದೆ, ಹುಣಸೆ ಬೀಜ ಇಟ್ಟುಕೊಂಡು ಗೆಳೆಯರ ಜೊತೆ ಆಡಿ ನೋಡಿ. 9-8-7 ಬಿದ್ದಾಗ ಕೈಯಲ್ಲಿರುವ ಎಕ್ಕ ಬಿಡಲು ಎಷ್ಟು ಸಂಕಟವಾಗುತ್ತದೆ ಅಂತ ಗೊತ್ತಾಗುತ್ತದೆ. ಬೀಜಕ್ಕೇ ಅಷ್ಟು ಸಂಕಟವಾದರೆ, ತಿಂಗಳ ಸಂಬಳ ಇಟ್ಟವನು ಹೇಗೆ ಬಿಟ್ಟಾನು?