ಕುರಿಂಜಿಯೂ ಕಾಡುಪಾಪವೂ

ನೀಲಕುರಿಂಜಿ ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಿನ ಪೊದೆ. 12 ವರ್ಷ ಕಾದು ಒಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಕಾಡುಪಾಪ ನಮ್ಮ ತುಮಕೂರಿನಂತಹ ಕಡೆಗಳ ಕುರುಚಲು ಕಾಡಿನ ಪುಟ್ಟ ಪ್ರಾಣಿ. ರಾತ್ರಿ ಕೊಂಬೆಗಳ ಮೇಲೆ ಸದ್ದಿಲ್ಲದೆ ನಡೆದು ಕೀಟಗಳನ್ನು ಹಿಡಿಯುತ್ತದೆ.

ಅಳಿವಿನ ಭಯವಿರುವ ಜೀವಿಗಳ ಜಾಗತಿಕ ಕೆಂಪುಪಟ್ಟಿಗೆ ಕುರಿಂಜಿ 2024ರಲ್ಲಿ ‘ಅಪಾಯಕ್ಕೀಡಾಗಬಲ್ಲ’ ಪ್ರಭೇದವಾಗಿ ಸೇರಿತು. ಕಾಡುಪಾಪದ ಸ್ಥಿತಿ ಅದಕ್ಕಿಂತ ಒಂದು ಮೆಟ್ಟಿಲು ವಾಸಿ. ಅದು ‘ಅಪಾಯಕ್ಕೆ ಸಮೀಪ’ದಲ್ಲಿದೆ.

ಕುರಿಂಜಿಯ ನೆಲವನ್ನು ಚಹಾ, ನೀಲಗಿರಿ ತೋಪುಗಳು ಕಬಳಿಸಿದವು. ಕಾಡುಪಾಪ ಕಾಡನ್ನೂ ಕಳೆದುಕೊಂಡಿತು; ಅದರ ಕಣ್ಣಿನಲ್ಲಿ ಮದ್ದಿದೆ, ಮಾಟದ ಶಕ್ತಿಯಿದೆ ಎಂದು ನಂಬಿದವರ ಕೈಯಲ್ಲಿ ಜೀವವನ್ನೂ ಕಳೆದುಕೊಂಡಿತು. ಒಂದಕ್ಕೆ ನಮ್ಮ ದುರಾಸೆ ಶತ್ರು, ಇನ್ನೊಂದಕ್ಕೆ ಮೂಢನಂಬಿಕೆಯೂ ಶತ್ರು.

ತೌಹೀದ್‌ನಲ್ಲಿ ವಿಶ್ವಾಸವಿಟ್ಟವರಿಗೆ ಮಾಟ ನಿಷಿದ್ಧ. ಭೂಮಿ ಅಲ್ಲಾಹನು ಒಪ್ಪಿಸಿದ ಅಮಾನತ್ತು. ಆದ್ದರಿಂದ ಬೆಟ್ಟದಲ್ಲಿ ಕುರಿಂಜಿಯನ್ನು ಕೀಳಬೇಡಿ. ಕಾಡುಪಾಪದ ಮದ್ದು ಮಾರಲು ಬಂದವನನ್ನು ಬಾಗಿಲಿನಿಂದಲೇ ಕಳುಹಿಸಿ.