ಎರೆಭೂತ

ಎರೆಭೂತ ಭಾರತ ಉಪಖಂಡದಲ್ಲಿ ಮಾತ್ರ ಕಂಡುಬರುವ, ಅಳಿವಿನ ಅಂಚಿನಲ್ಲಿರುವ ದೊಡ್ಡ ಗಾತ್ರದ ನೆಲಹಕ್ಕಿ. ಇದನ್ನು ಹೆಬ್ಬಕ ಎಂದೂ ಕರೆಯುತ್ತಾರೆ. ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಹೆಸರು ಕನ್ನಡ ಪತ್ರಿಕೆಗಳಲ್ಲಿಯೂ ಬಳಕೆಯಲ್ಲಿದೆ. ಮರಾಠಿಯಲ್ಲಿ ಇದು ಮಾಳಢೋಕ್, ರಾಜಸ್ಥಾನದಲ್ಲಿ ಗೋಡಾವಣ್. ಇದರ ವೈಜ್ಞಾನಿಕ ಹೆಸರು ಆರ್ಡಿಯೋಟಿಸ್ ನೈಗ್ರಿಸೆಪ್ಸ್. ಕನ್ನಡದಲ್ಲಿ ಎರೆ ಎಂದರೆ ಕಪ್ಪು ಮಣ್ಣು. ಹೆಸರೇ ಸೂಚಿಸುವಂತೆ ದಖ್ಖನ್ ಪ್ರಸ್ಥಭೂಮಿಯ ಎರೆಭೂಮಿಯ ಬಯಲುಗಳು ಈ ಹಕ್ಕಿಯ ನೆಲೆಗಳಲ್ಲಿ ಸೇರಿದ್ದವು. ಒಂದು ನಿರ್ದಿಷ್ಟ ಭೂಭಾಗವನ್ನು ಬಿಟ್ಟು ಬೇರೆಲ್ಲಿಯೂ ನೈಸರ್ಗಿಕವಾಗಿ ಕಂಡುಬರದ ಜೀವಿಯನ್ನು ಸ್ಥಾನಿಕ ಪ್ರಭೇದ ಎನ್ನುತ್ತಾರೆ. ಇಂತಹ ಪ್ರಭೇದ ತನ್ನ ನೆಲೆಯಲ್ಲಿ ನಾಶವಾದರೆ ಭೂಮಿಯಿಂದಲೇ ನಾಶವಾದಂತೆ.

ಲಕ್ಷಣಗಳು

ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರವಾದವುಗಳ ಪೈಕಿ ಎರೆಭೂತವೂ ಒಂದು. ಗಂಡು ಸುಮಾರು ಒಂದು ಮೀಟರ್ ಎತ್ತರವಿದ್ದು 8ರಿಂದ 14 ಕಿಲೋಗ್ರಾಂ ತೂಗುತ್ತದೆ. ಹೆಣ್ಣು ಗಾತ್ರದಲ್ಲಿ ಚಿಕ್ಕದು. ಅದರ ತೂಕ ಗಂಡಿನ ತೂಕದ ಅರ್ಧದಷ್ಟೇ ಇರುತ್ತದೆ. ಬೆನ್ನು ಕಂದು ಬಣ್ಣದ್ದು, ಕುತ್ತಿಗೆ ಬಿಳುಪು. ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಕಪ್ಪು ಗರಿಗಳಿರುತ್ತವೆ. ಗಂಡಿನ ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿಯಿರುತ್ತದೆ.

ಈ ಹಕ್ಕಿಯ ಕಾಲಿನಲ್ಲಿ ಮೂರೇ ಬೆರಳುಗಳಿವೆ. ಮೂರೂ ಮುಂದಕ್ಕೆ ಚಾಚಿರುತ್ತವೆ. ಕೊಂಬೆಯನ್ನು ಹಿಡಿಯಲು ಬೇಕಾದ ಹಿಂಬೆರಳು ಇಲ್ಲದ ಕಾರಣ ಇದು ಮರದ ಮೇಲೆ ಕೂರಲಾರದು. ಆಹಾರ, ನಿದ್ರೆ, ಸಂತಾನಾಭಿವೃದ್ಧಿ ಎಲ್ಲವೂ ನೆಲದ ಮೇಲೆಯೇ. ಮಿಡತೆ, ಜೀರುಂಡೆ, ಹಲ್ಲಿಜಾತಿಯ ಪ್ರಾಣಿಗಳು, ಹುಲ್ಲಿನ ಬೀಜ, ಬೋರೆಹಣ್ಣು, ಹೊಲದ ಕಾಳುಗಳು ಇದರ ಆಹಾರ.

ಸಂತಾನಾಭಿವೃದ್ಧಿ

ಬೇಸಿಗೆಯ ಕೊನೆ ಮತ್ತು ಮಳೆಗಾಲ ಇದರ ಮುಖ್ಯ ಸಂತಾನಕಾಲ. ಗಂಡು ಹಕ್ಕಿ ತುಸು ಎತ್ತರದ ಬಯಲನ್ನು ಆರಿಸಿಕೊಂಡು, ಗಂಟಲ ಚೀಲವನ್ನು ಉಬ್ಬಿಸಿ, ಬಾಲವನ್ನು ಮೇಲಕ್ಕೆತ್ತಿ, ದೂರಕ್ಕೆ ಕೇಳಿಸುವ ಗಂಭೀರ ಧ್ವನಿಯಿಂದ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಸುಮಾರು 27 ದಿನ ತಾನೊಂದೇ ಕಾವು ಕೊಡುತ್ತದೆ. ಮರಿಯನ್ನು ಸಾಕುವ ಹೊಣೆಯೂ ಅದರದೇ. ನಾಯಿ, ನರಿ, ಕಾಗೆ ಅಥವಾ ಜಾನುವಾರುಗಳ ತುಳಿತದಿಂದ ಆ ಮೊಟ್ಟೆ ಹಾಳಾದರೆ ಅನೇಕ ವೇಳೆ ವರ್ಷದ ಸಂತಾನವೇ ಇಲ್ಲವಾಗುತ್ತದೆ. ಆದ್ದರಿಂದ ಸಂಖ್ಯೆ ಒಮ್ಮೆ ಕುಸಿದರೆ ಚೇತರಿಸಿಕೊಳ್ಳುವುದು ಬಹಳ ನಿಧಾನ.

ಸಂಖ್ಯೆಯ ಕುಸಿತ

ಬ್ರಿಟಿಷರ ಕಾಲದಲ್ಲಿ ಬೇಟೆಯಿಂದ ಈ ಹಕ್ಕಿಗೆ ದೊಡ್ಡ ಪೆಟ್ಟು ಬಿತ್ತು. ಮಹಾರಾಷ್ಟ್ರದ ಅಹಮದ್‌ನಗರ ಪ್ರದೇಶದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ 1809ರಿಂದ 1829ರವರೆಗೆ 961 ಹಕ್ಕಿಗಳನ್ನು ಕೊಂದನೆಂಬ ದಾಖಲೆಯಿದೆ. 1969ರಲ್ಲಿ ಪಕ್ಷಿತಜ್ಞ ಧರ್ಮಕುಮಾರಸಿಂಹಜಿ ಸುಮಾರು 1,260 ಹಕ್ಕಿಗಳು ಉಳಿದಿವೆಯೆಂದು ಅಂದಾಜು ಮಾಡಿದರು. 2018ರ ಸುಮಾರಿಗೆ ಈ ಅಂದಾಜು 150ಕ್ಕೆ ಇಳಿಯಿತು. ಉಳಿದವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸುತ್ತಮುತ್ತ ಇವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2011ರಲ್ಲಿ ಇದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಇದಕ್ಕೆ ಸ್ಥಾನವಿದೆ.

ಬೇಟೆ ನಿಷೇಧವಾದ ಮೇಲೂ ಕುಸಿತ ನಿಲ್ಲದಿರುವುದಕ್ಕೆ ಮುಖ್ಯ ಕಾರಣ ನೆಲೆಯ ನಾಶ. ಕಂದಾಯದ ಕಡತಗಳಲ್ಲಿ ಹುಲ್ಲುಗಾವಲಿಗೆ ದೊರೆತ ಹೆಸರು ಪಾಳುಭೂಮಿ. ಪಾಳು ಎಂದ ಮೇಲೆ ಅದನ್ನು ಉಳುವುದು, ಅದರಲ್ಲಿ ಗಿಡ ನೆಡುವುದು, ಕಾರ್ಖಾನೆ ಕಟ್ಟುವುದು ಎಲ್ಲವೂ ಸುಧಾರಣೆಯೆಂದೇ ಎಣಿಕೆಯಾಯಿತು. ಇತ್ತೀಚಿನ ದಶಕಗಳಲ್ಲಿ ವಿದ್ಯುತ್ ತಂತಿಗಳೂ ದೊಡ್ಡ ಅಪಾಯವಾಗಿವೆ. ಈ ಹಕ್ಕಿಯ ಕಣ್ಣುಗಳು ತಲೆಯ ಎರಡು ಬದಿಗಳಿಗಿದ್ದು ಎದುರಿನ ನೋಟ ಕಿರಿದು. ಭಾರವಾದ ದೇಹದಿಂದಾಗಿ ತಂತಿ ಕಂಡರೂ ಥಟ್ಟನೆ ದಿಕ್ಕು ಬದಲಿಸಲಾರದು.

ಕರ್ನಾಟಕದಲ್ಲಿ

1974ರಲ್ಲಿ ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯ ಸ್ಥಾಪನೆಯಾಯಿತು. 1997ರಲ್ಲಿ ಜಿಲ್ಲೆ ವಿಭಜನೆಯಾದ ಮೇಲೆ ಇದು ಹಾವೇರಿ ಜಿಲ್ಲೆಯಲ್ಲಿದೆ. ಕೃಷ್ಣಮೃಗದೊಂದಿಗೆ ಎರೆಭೂತಕ್ಕೂ ಈ ಅಭಯಾರಣ್ಯ ಹೆಸರಾಗಿತ್ತು. ಆದರೆ ಇದರ ಬಹುಭಾಗ ನೀಲಗಿರಿ ನೆಡುತೋಪು. ಕೃಷ್ಣಮೃಗ ತೋಪುಗಳ ನಡುವಿನ ತೆರವುಗಳಲ್ಲಿ ಮೇಯುತ್ತಾ ಸಂಖ್ಯೆಯಲ್ಲಿ ಹೆಚ್ಚಿತು. ಸುತ್ತಲೂ ದೂರದವರೆಗೆ ಕಣ್ಣು ಹಾಯುವ ಬಯಲನ್ನೇ ಬಯಸುವ ಎರೆಭೂತ ಅಲ್ಲಿಂದ ಮರೆಯಾಯಿತು. ಒಂದೇ ನೆಲದಲ್ಲಿ ಬದುಕುವ ಎರಡು ಜೀವಿಗಳಿಗೂ ಒಂದೇ ಬಗೆಯ ರಕ್ಷಣೆ ಸಾಲದೆಂಬುದಕ್ಕೆ ಇದು ನಿದರ್ಶನ.

ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲಿ ಈ ಹಕ್ಕಿ ಕಾಣಿಸಿಕೊಂಡಿರುವುದು ಮುಖ್ಯವಾಗಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಎರೆಹೊಲಗಳಲ್ಲಿ. ಅಲ್ಲಿಯೂ ಇವುಗಳ ಸಂಖ್ಯೆ ಬೆರಳೆಣಿಕೆಯಷ್ಟು. ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತದ ಗದ್ದೆಗಳಾಗಿರುವ ಆ ತಾಲ್ಲೂಕಿನಲ್ಲಿ, ಮಳೆಯಾಶ್ರಿತ ಬೇಸಾಯ ಉಳಿದಿರುವ ಬಯಲುಗಳೇ ಇದರ ಕೊನೆಯ ಆಸರೆ.

ಅಧ್ಯಯನ ಮತ್ತು ಸಂರಕ್ಷಣೆ

1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರವಾಗಿ ಅಸದ್ ರಹಮಾನಿ ಮತ್ತು ಸಂಗಡಿಗರು ಮಧ್ಯಪ್ರದೇಶದ ಕರೇರಾ, ಮಹಾರಾಷ್ಟ್ರದ ನಾನ್ನಜ್, ಆಂಧ್ರಪ್ರದೇಶದ ರೋಳ್ಳಪಾಡು ಮುಂತಾದೆಡೆ ಈ ಹಕ್ಕಿಯ ಜೀವನಕ್ರಮವನ್ನು ಅಭ್ಯಸಿಸಿದರು. ಬಳಿಕ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಅಧ್ಯಯನವನ್ನು ಮುಂದುವರಿಸಿತು. ಬಯಲನ್ನು ಸಮಾನ ಚೌಕಗಳಾಗಿ ವಿಂಗಡಿಸಿ, ನಿಗದಿತ ಮಾರ್ಗಗಳಲ್ಲಿ ನಿಧಾನವಾಗಿ ಸಾಗುತ್ತಾ ಹಕ್ಕಿಗಳನ್ನು ಎಣಿಸುವುದು ಇದರ ಒಂದು ಕ್ರಮ. ಕೆಲವು ಹಕ್ಕಿಗಳಿಗೆ ಉಪಗ್ರಹ ಸಂಕೇತ ಸಾಧನ ಅಳವಡಿಸಿ ಅವುಗಳ ಸಂಚಾರವನ್ನು ಗುರುತಿಸುವುದು ಇನ್ನೊಂದು. ಋತುಮಾನಕ್ಕೆ ತಕ್ಕಂತೆ ಹಕ್ಕಿ ಬಹು ದೂರ ಅಲೆಯುವುದರಿಂದ ಬೇಲಿ ಹಾಕಿದ ಒಂದು ತುಂಡು ಭೂಮಿಯಿಂದ ಅದನ್ನು ಉಳಿಸಲಾಗದೆಂಬುದು ಅಧ್ಯಯನಗಳಿಂದ ತಿಳಿದುಬಂದಿದೆ.

ಸಂರಕ್ಷಣೆಯ ಹಿಂದಿನ ಅನುಭವವೂ ಇದನ್ನೇ ಹೇಳುತ್ತದೆ. ಕರೇರಾದಲ್ಲಿ 1981ರಲ್ಲಿ ಘೋಷಿಸಿದ ಅಭಯಾರಣ್ಯದೊಳಗೆ ರೈತರ ಖಾಸಗಿ ಜಮೀನುಗಳೂ ಸೇರಿದವು. ಜಮೀನಿನ ಮಾರಾಟಕ್ಕೆ ಅಡ್ಡಿಯಾಯಿತು, ಹೆಚ್ಚಿದ ಕೃಷ್ಣಮೃಗಗಳು ಬೆಳೆ ಮೇಯ್ದವು. ಜನರು ಅಭಯಾರಣ್ಯದ ವಿರೋಧಿಗಳಾದರು. 1990ರ ದಶಕದಲ್ಲಿ ಅಲ್ಲಿ ಎರೆಭೂತ ಇಲ್ಲವಾಯಿತು. ಸೋಲಾಪುರದ ಬಳಿ 1979ರಲ್ಲಿ ಸುಮಾರು 8,500 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಾರಣ್ಯವೆಂದು ಸಾರಿದ್ದರೂ ಮುಂದೆ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು.

2019ರಲ್ಲಿ ಜೈಸಲ್ಮೇರ್ ಜಿಲ್ಲೆಯ ಸಮ್‌ನಲ್ಲಿ ಸಂತಾನಾಭಿವೃದ್ಧಿ ಕೇಂದ್ರ ಆರಂಭವಾಯಿತು. ಬಯಲಿನಿಂದ ತಂದ ಮೊಟ್ಟೆಗಳಿಗೆ ಇಲ್ಲಿ ಕೃತಕ ಕಾವು ಕೊಟ್ಟು ಮರಿ ಮಾಡಿಸಲಾಯಿತು. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಪಡೆದ ಮೊದಲ ಮರಿ ಹೊರಬಂದಿತು. ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸುವಂತೆ 2021ರ ಏಪ್ರಿಲ್‌ನಲ್ಲಿ ಆದೇಶಿಸಿದ್ದ ಸರ್ವೋಚ್ಚ ನ್ಯಾಯಾಲಯವು, ಸೌರವಿದ್ಯುತ್ತಿನ ಅಗತ್ಯವನ್ನೂ ಪರಿಗಣಿಸಿ 2024ರ ಮಾರ್ಚ್‌ನಲ್ಲಿ ಆದೇಶವನ್ನು ಮಾರ್ಪಡಿಸಿ ತಜ್ಞರ ಸಮಿತಿಯನ್ನು ನೇಮಿಸಿತು. ಕೇಂದ್ರದಲ್ಲಿ ಬೆಳೆದ ಹಕ್ಕಿಗಳನ್ನು ಮುಂದೆ ಬಯಲಿಗೆ ಬಿಡಬೇಕಾದರೆ ಅಂತಹ ಬಯಲು ಉಳಿದಿರಬೇಕು.

ಎರೆಸೀಮೆಯ ಬೇಸಾಯ ಮತ್ತು ಎರೆಭೂತ

ಧಾರವಾಡ ಜಿಲ್ಲೆಯ ಪಶ್ಚಿಮಕ್ಕಿರುವ ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಕಾಡು ಸಹಜವಾದ ನೆಲೆ. ಪೂರ್ವದ ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ಭಾಗ ಮರ ವಿರಳವಾದ ಎರೆಬಯಲು. ಅಲ್ಲಿ ಬಯಲೇ ಸಹಜವಾದ ನೆಲೆ. ಮುಂಗಾರಿನ ಹೆಸರು, ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆ, ನಡುವೆ ಬೀಳುಬಿಟ್ಟ ಹೊಲ, ಹುಲ್ಲು ಬೆಳೆದ ಬದು, ದನಕುರಿ ಮೇಯುವ ಗೋಮಾಳ ಇವು ಸೇರಿದ ಹಳೆಯ ಬೇಸಾಯಪದ್ಧತಿ ಹುಲ್ಲುಗಾವಲಿನ ಜೀವಿಗಳಿಗೂ ಎಡೆ ಕೊಡುವಂಥದು. ಮಲಪ್ರಭೆಯ ಕಾಲುವೆ ನೀರು ನವಲಗುಂದದ ಕಡೆ ಬೇಸಾಯವನ್ನು ಬದಲಿಸಿತು. ರೈತರಿಗೆ ಅದರ ಅಗತ್ಯವೂ ಇತ್ತು. ಕೃಷ್ಣಮೃಗಗಳು ಇಂದಿಗೂ ಈ ಹೊಲಗಳಲ್ಲಿ ಕಾಣುತ್ತವೆ. ಅವುಗಳಿಂದಾಗುವ ಬೆಳೆಹಾನಿ ರೈತರ ದೂರಾಗಿಯೂ ಉಳಿದಿದೆ.

ಆದ್ದರಿಂದ ಎರೆಸೀಮೆಯಲ್ಲಿ ಸಂರಕ್ಷಣೆ ಎಂದರೆ ಎಲ್ಲೆಡೆ ಸಸಿ ನೆಡುವುದಲ್ಲ, ರೈತರನ್ನು ಹೊರಗಿಡುವುದೂ ಅಲ್ಲ. ಗೋಮಾಳವನ್ನು ಗೋಮಾಳವಾಗಿಯೇ ಉಳಿಸುವುದು, ಕೀಟನಾಶಕದ ಬಳಕೆ ತಗ್ಗಿಸುವುದು, ಮೊಟ್ಟೆಯಿಡುವ ಕಾಲದಲ್ಲಿ ನಾಯಿಗಳನ್ನು ಹತೋಟಿಯಲ್ಲಿಡುವುದು, ಬೆಳೆಹಾನಿಗೆ ಸಕಾಲದಲ್ಲಿ ಪರಿಹಾರ ಕೊಡುವುದು ಇದರ ಮುಖ್ಯ ಅಂಶಗಳು. ಎರೆಭೂತ ಉಳಿದಿರುವ ಸಿರುಗುಪ್ಪದಂತಹ ಕಡೆಗಳಲ್ಲಿ ಈ ಕ್ರಮಗಳು ತುರ್ತಿನವು. ಅದು ಇಲ್ಲವಾದ ಕಡೆಗಳಲ್ಲಿಯೂ ಕೃಷ್ಣಮೃಗ, ತೋಳ, ನೆಲಗುಬ್ಬಿಗಳಂತಹ ಬಯಲಿನ ಇತರ ಜೀವಿಗಳಿಗೆ ಇವು ಉಪಯುಕ್ತ.